ಒಂದು ಕೃತಿ, ಎರಡು ಭಾಷೆ: ಸಾಮೂಹಿಕ ತಂತ್ರಾಂಶದಲ್ಲಿ ಭಾಷಾಮಿಶ್ರಣದ ವಿಚಾರ

೧. ವಿಷಯಪ್ರವೇಶ

ಒಂದು ಭಾಷೆಯ ಪದವನ್ನು ಮತ್ತೊಂದು ಭಾಷೆಯ ಪದದೊಡನೆ ಬೆರೆಸಬಹುದೇ, ಬೆರೆಸುವುದಾದರೆ ಎಲ್ಲಿ, ಹೇಗೆ ಎಂಬ ಪ್ರಶ್ನೆ ಕನ್ನಡ ವೈಯಾಕರಣರಿಗೆ ಹೊಸತಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡುವುದನ್ನು ದೋಷವೆಂದು ಎಣಿಸಿದನು. ಇದಕ್ಕೆ ಅರಿಸಮಾಸವೆಂದು ಹೆಸರು. ಆದರೆ ಕನ್ನಡದಲ್ಲಿ ಸಂಸ್ಕೃತ ಪದಗಳೇ ಇರಕೂಡದೆಂದು ಅವನು ವಿಧಿಸಲಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆಗಳ ಪದಗಳೂ ನೆರೆಹೊರೆಯವರಂತೆ ನಿಲ್ಲಬಹುದು; ಅವೆರಡನ್ನೂ ಒಂದೇ ಪದವಾಗಿ ಬೆಸೆಯುವ ಕಡೆ ಎಚ್ಚರ ಬೇಕು. ಅಲ್ಲಿಯೂ ಬಿರುದಾವಳಿ, ಗಮಕಸಮಾಸ, ಕ್ರಿಯಾಸಮಾಸಗಳಿಗೆ ವಿನಾಯಿತಿಯುಂಟು. ಶಾಸ್ತ್ರಕಾರನ ಕಣ್ಣು ನೆಟ್ಟಿದ್ದು ಪದಗಳು ಕೂಡುವ ಸ್ಥಾನದ ಮೇಲೆ ಎಂಬುದು ಇದರಿಂದ ಸ್ಪಷ್ಟ.

ಇಂಥದೇ ಪ್ರಶ್ನೆಯೊಂದು ಗಣಕಯಂತ್ರದ ಕ್ಷೇತ್ರದಲ್ಲಿ ಕೆಲವು ವರ್ಷಗಳಿಂದ ಬಹಳ ಬಿರುಸಿನಿಂದ ಚರ್ಚಿತವಾಗುತ್ತಿದೆ. ಸಾವಿರಾರು ಜನರು ಕೂಡಿ ರಚಿಸುವ ಒಂದು ತಂತ್ರಾಂಶವನ್ನು ಆದ್ಯಂತವಾಗಿ ಒಂದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕೇ, ಅಥವಾ ನಡುವೆ ಎರಡನೆಯ ಭಾಷೆಯೊಂದಕ್ಕೆ ಎಡೆಗೊಡಬಹುದೇ? ಲಿನಕ್ಸ್ ಎಂಬ ಜಗದ್ವಿಖ್ಯಾತ ತಂತ್ರಾಂಶದಲ್ಲಿ ಈ ಪ್ರಶ್ನೆಯಿಂದಾಗಿ ಕೆಲವು ಒಳ್ಳೆಯ ಕೆಲಸಗಾರರು ಕೆಲಸವನ್ನೇ ಬಿಟ್ಟು ಹೋದರು. ಆ ದೃಷ್ಟಾಂತವನ್ನು ಮುಂದಿಟ್ಟುಕೊಂಡು ಸಮಸ್ಯೆಯ ಸ್ವರೂಪವನ್ನೂ ಉಭಯ ಪಕ್ಷಗಳ ವಾದವನ್ನೂ ಪರಿಶೀಲಿಸಿ, ಒಂದು ನಿರ್ಣಯಕ್ಕೆ ಬರುವುದು ಈ ಲೇಖನದ ಉದ್ದೇಶ.

೨. ಯಂತ್ರಕ್ಕೆ ಭೇದವಿಲ್ಲ, ಮನುಷ್ಯನಿಗೆ ಉಂಟು

ಗಣಕಯಂತ್ರಕ್ಕೆ ತಿಳಿಯುವುದು ತನ್ನದೇ ಆದ ಸಂಖ್ಯಾರೂಪದ ಆದೇಶಗಳು ಮಾತ್ರ. ಅವುಗಳನ್ನು ನೇರವಾಗಿ ಬರೆಯುವುದು ಮನುಷ್ಯನಿಗೆ ಕಷ್ಟ. ಆದಕಾರಣ ಮನುಷ್ಯನು ಓದಿ ಬರೆಯಬಲ್ಲ ಕೃತಕ ಭಾಷೆಗಳು ಹುಟ್ಟಿಕೊಂಡವು. ಈ ಭಾಷೆಯಲ್ಲಿ ಬರೆದುದನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ತಂತ್ರಾಂಶಕ್ಕೆ ಕಂಪೈಲರ್ ಎಂದು ಹೆಸರು.

೧೯೫೭ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದರು. ವೈಜ್ಞಾನಿಕ ಲೆಕ್ಕಾಚಾರ ಅದರ ಗುರಿ. ವ್ಯಾಪಾರದ ಲೆಕ್ಕಪತ್ರಗಳಿಗಾಗಿ ೧೯೬೦ರಲ್ಲಿ ಕೋಬಾಲ್ ರೂಪುಗೊಂಡಿತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯು ‘ಸಿ’ ಎಂಬ ಭಾಷೆಯನ್ನು ನಿರ್ಮಿಸಿದನು. ೧೯೭೩ರಲ್ಲಿ ಯುನಿಕ್ಸ್ ಎಂಬ ನಿರ್ವಹಣಾ ವ್ಯವಸ್ಥೆಯನ್ನು ಆ ಭಾಷೆಯಲ್ಲಿ ಪುನಃ ಬರೆಯಲಾಯಿತು. ೧೯೯೧ರಲ್ಲಿ ಗೀಡೋ ವಾನ್ ರೋಸಮ್ ಎಂಬಾತನು ಓದಲು ಸುಲಭವಾದ ಪೈಥಾನ್ ಭಾಷೆಯನ್ನು ಲೋಕಕ್ಕೆ ಕೊಟ್ಟನು. ಹೀಗೆ ಒಂದೊಂದು ಭಾಷೆಯೂ ಒಂದೊಂದು ಪ್ರಯೋಜನವನ್ನು ಉದ್ದೇಶಿಸಿ ಹುಟ್ಟಿದುದಾಗಿದೆ.

ಇಲ್ಲಿ ಒಂದು ಶಂಕೆ ಉದ್ಭವಿಸುತ್ತದೆ. ಕೊನೆಗೆ ಎಲ್ಲವೂ ಯಂತ್ರದ ಆದೇಶಗಳೇ ಆಗುವುದಾದರೆ ಭಾಷೆಗಳನ್ನು ಬೆರೆಸಿದರೆ ಹಾನಿಯೇನು? ಇದಕ್ಕೆ ಸಮಾಧಾನ ಹೀಗೆ: ಯಂತ್ರದ ಮಟ್ಟಿಗೆ ಹಾನಿಯಿಲ್ಲ. ಆದರೆ ಪ್ರತಿಯೊಂದು ಭಾಷೆಯಲ್ಲಿಯೂ ಬಾಯಿಬಿಟ್ಟು ಹೇಳದ ಕೆಲವು ರೂಢಿಗಳಿರುತ್ತವೆ. ಒಂದೇ ಭಾಷೆಯೊಳಗೆ ಇರುವವರೆಗೆ ಆ ರೂಢಿ ಎಲ್ಲರಿಗೂ ಸಮಾನವಾದುದರಿಂದ ತೊಂದರೆಯಾಗದು. ಎರಡು ಭಾಷೆಗಳು ಕೂಡುವ ಗಡಿಯಲ್ಲಿ, ಒಬ್ಬರು ಹೇಳದೆ ಬಿಟ್ಟದ್ದನ್ನು ಇನ್ನೊಬ್ಬರು ಬೇರೆ ರೀತಿಯಲ್ಲಿ ಗ್ರಹಿಸುತ್ತಾರೆ.

೩. ಸಂಧಿಸ್ಥಾನದ ಸ್ವರೂಪ

ಈ ಮಾತನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಎರಡು ಅಡ್ಡಸಾಲು, ಮೂರು ಕಂಬಸಾಲುಗಳ ಒಂದು ಕೋಷ್ಟಕವಿದೆಯೆನ್ನೋಣ. ಮೊದಲ ಅಡ್ಡಸಾಲಿನಲ್ಲಿ ೧, ೨, ೩. ಎರಡನೆಯದರಲ್ಲಿ ೪, ೫, ೬. ಗಣಕದ ಸ್ಮೃತಿಯಲ್ಲಿ ಕೋಷ್ಟಕಕ್ಕೆ ಅಗಲ ಎತ್ತರಗಳಿಲ್ಲ; ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಒಂದರ ಮುಂದೊಂದು ಇಡಬೇಕು. ‘ಸಿ’ ಭಾಷೆ ಅಡ್ಡಸಾಲಿನ ಕ್ರಮವನ್ನು ಹಿಡಿದು ೧, ೨, ೩, ೪, ೫, ೬ ಎಂದು ಇಡುತ್ತದೆ. ಫೋರ್ಟ್ರಾನ್ ಕಂಬಸಾಲಿನ ಕ್ರಮವನ್ನು ಹಿಡಿದು ೧, ೪, ೨, ೫, ೩, ೬ ಎಂದು ಇಡುತ್ತದೆ. ‘ಸಿ’ ಭಾಷೆಯವರು ಇಟ್ಟ ಆರು ಸಂಖ್ಯೆಗಳನ್ನು ಏನೂ ತಿಳಿಸದೆ ಫೋರ್ಟ್ರಾನಿನ ಕೈಗೆ ಕೊಟ್ಟರೆ, ಅದು ಅವನ್ನು ಕಂಬಸಾಲುಗಳೆಂದು ಓದಿ, ಮೊದಲ ಅಡ್ಡಸಾಲು ೧, ೩, ೫ ಎಂದೂ ಎರಡನೆಯದು ೨, ೪, ೬ ಎಂದೂ ತಿಳಿಯುತ್ತದೆ. ಯಂತ್ರ ನಿಲ್ಲುವುದಿಲ್ಲ, ಎಚ್ಚರಿಕೆಯ ಸೂಚನೆಯೂ ಬರುವುದಿಲ್ಲ; ಉತ್ತರ ಮಾತ್ರ ತಪ್ಪಾಗಿರುತ್ತದೆ. ಇದರ ಮೇಲೆ, ‘ಸಿ’ಯಲ್ಲಿ ಎಣಿಕೆ ಸೊನ್ನೆಯಿಂದ ಆರಂಭ, ಫೋರ್ಟ್ರಾನಿನಲ್ಲಿ ರೂಢಿಯಂತೆ ಒಂದರಿಂದ ಆರಂಭ. ಎರಡು ಭಾಷೆಗಳಲ್ಲಿಯೂ ದೋಷವಿಲ್ಲ, ದೋಷವಿರುವುದು ಸಂಧಿಯಲ್ಲಿ.

ಇಂತಹ ಅಪಾಯವಿದ್ದರೂ ಮಿಶ್ರಣವು ಮಹತ್ತರ ಫಲವನ್ನು ಕೊಟ್ಟಿರುವ ನಿದರ್ಶನವೂ ಇಲ್ಲಿಯೇ ಇದೆ. ಪೈಥಾನ್ ಬಳಸುವ ವಿಜ್ಞಾನಿಗಳು ನಂಪೈ ಎಂಬ ತಂತ್ರಾಂಶ ಭಂಡಾರದ ಮೂಲಕ ಭಾರಿ ಲೆಕ್ಕಗಳನ್ನು ಮಾಡುತ್ತಾರೆ. ಮೇಲುನೋಟಕ್ಕೆ ಕಾಣುವುದು ಪೈಥಾನ್. ಒಳಗೆ ದುಡಿಯುವುದು ಬಹುಮಟ್ಟಿಗೆ ‘ಸಿ’. ಅದರ ಗಣಿತಪದ್ಧತಿಗಳಲ್ಲಿ ಹಲವು ಫೋರ್ಟ್ರಾನಿನಲ್ಲಿ ದಶಕಗಳ ಹಿಂದೆ ಪಂಡಿತರು ರಚಿಸಿದ ಕೃತಿಗಳ ಪರಂಪರೆಗೆ ಸೇರಿದವು. ನಂಪೈ ತನ್ನ ಪ್ರತಿಯೊಂದು ಕೋಷ್ಟಕದೊಡನೆಯೂ ಅದರ ಸಂಖ್ಯೆಗಳು ಯಾವ ಕ್ರಮದಲ್ಲಿವೆ ಎಂಬ ವಿವರವನ್ನು ಕಟ್ಟಿಯೇ ಇಡುತ್ತದೆ. ಹೇಳದೆ ಉಳಿದಿದ್ದ ರೂಢಿಯನ್ನು ಹೇಳಿ ಬರೆದಿಟ್ಟದ್ದರಿಂದ ಸಂಧಿ ಭದ್ರವಾಯಿತು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಮಳೆ ಎಂಬುದು ಕನ್ನಡ, ಕಾಲ ಎಂಬುದು ಸಂಸ್ಕೃತ. ಎರಡೂ ಕೂಡಿದಾಗ ಕಕಾರಕ್ಕೆ ಗಕಾರ ಆದೇಶವಾಗಿ ಮಳೆಗಾಲ ಎಂದಾಯಿತು. ಬಂದ ಪದವು ಮನೆಯ ಸಂಧಿನಿಯಮಕ್ಕೆ ಮಣಿಯಿತು. ಆದ್ದರಿಂದ ಆ ಬೆಸುಗೆ ಯಾರ ಕಿವಿಗೂ ಒರಟಾಗಿ ಕೇಳುವುದಿಲ್ಲ. ತಂತ್ರಾಂಶದಲ್ಲಿಯೂ ಒಂದು ಭಾಷೆಯ ಭಾಗವನ್ನು ಇನ್ನೊಂದು ಭಾಷೆಯ ನಿಯಮಕ್ಕೆ ಒಗ್ಗಿಸುವ ತೆಳುವಾದ ಪದರವೊಂದನ್ನು ನಡುವೆ ಬರೆಯುತ್ತಾರೆ. ಮಿಶ್ರಣದ ಯಶಸ್ಸು ಬಹುಪಾಲು ಈ ಪದರವನ್ನು ಅವಲಂಬಿಸಿದೆ.

೪. ಲಿನಕ್ಸ್ ಮತ್ತು ‘ಸಿ’ ಭಾಷೆ

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸ್ ಕರ್ನೆಲನ್ನು ಪ್ರಕಟಿಸಿದನು. ಯಂತ್ರದ ಭಾಗಗಳಿಗೂ ಜನರು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಸ್ಮೃತಿ, ಸಮಯ, ಕಡತ, ಜಾಲ ಮೊದಲಾದವನ್ನು ಹಂಚಿಕೊಡುವುದು ಕರ್ನೆಲಿನ ಕಾರ್ಯ. ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದೂ ಇದೇ ಲಿನಕ್ಸ್. ಆದುದರಿಂದ ಇಲ್ಲಿಯ ಒಂದು ಬಿರುಕು ಹಳ್ಳಿಯ ರೈತನ ಫೋನಿನಲ್ಲಿರುವ ಬ್ಯಾಂಕಿನ ಲೆಕ್ಕವನ್ನೂ ಮುಟ್ಟಬಲ್ಲುದು.

ಈ ಕೃತಿಯ ಗಾತ್ರ ಈಗ ಸುಮಾರು ನಾಲ್ಕು ಕೋಟಿ ಪಂಕ್ತಿಗಳು. ಇದನ್ನು ಹಲವು ದೇಶಗಳ ಸಾವಿರಾರು ಜನರು, ಕೆಲವರು ಸಂಸ್ಥೆಗಳ ವೇತನದಿಂದ, ಕೆಲವರು ಸ್ವಂತ ಆಸಕ್ತಿಯಿಂದ ಬರೆಯುತ್ತಾರೆ. ಒಂದೊಂದು ವಿಭಾಗಕ್ಕೂ ಪಾಲಕರೆಂಬವರು ಇದ್ದಾರೆ. ಬಂದ ತಿದ್ದುಪಡಿಯನ್ನು ಓದಿ, ಒಪ್ಪಿ ಅಥವಾ ನಿರಾಕರಿಸಿ, ವರ್ಷಗಟ್ಟಲೆ ಅದರ ಹೊಣೆ ಹೊರುವವರು ಅವರೇ. ಕೃತಿಯ ಬಹುಭಾಗ ‘ಸಿ’ ಭಾಷೆಯಲ್ಲಿದೆ. ಯಂತ್ರಕ್ಕೆ ಅತಿ ಸಮೀಪವಾದ ಕೆಲವು ಭಾಗಗಳು ಅಸೆಂಬ್ಲಿಯಲ್ಲಿ ಮೊದಲಿನಿಂದಲೂ ಇವೆ. ೧೯೯೨ರಲ್ಲಿಯೇ ಸಿ ಪ್ಲಸ್ ಪ್ಲಸ್ ಭಾಷೆಯನ್ನು ಒಮ್ಮೆ ಪ್ರಯತ್ನಿಸಿ, ಸರಿಹೋಗದೆ ಕೈಬಿಡಲಾಯಿತು. ಅಂದರೆ ಭಾಷಾಮಿಶ್ರಣದ ಪ್ರಶ್ನೆ ಲಿನಕ್ಸಿನಷ್ಟೇ ಹಳೆಯದು.

ಹಾಗಾದರೆ ಎರಡನೆಯ ಭಾಷೆಯ ಅಗತ್ಯ ಏಕೆ ಕಂಡಿತು? ‘ಸಿ’ ಭಾಷೆಯಲ್ಲಿ ಸ್ಮೃತಿಯ ಭಾಗವನ್ನು ಪಡೆಯುವ, ಹಿಂದಿರುಗಿಸುವ ಹೊಣೆ ಪೂರ್ತಿಯಾಗಿ ಬರೆಯುವವನದು. ಇದನ್ನು ಶಾಲೆಯ ಗ್ರಂಥಾಲಯಕ್ಕೆ ಹೋಲಿಸಬಹುದು. ಒಬ್ಬ ವಿದ್ಯಾರ್ಥಿ ಪುಸ್ತಕದ ಚೀಟಿಯನ್ನು ಪಡೆದು, ಪುಸ್ತಕವನ್ನು ಹಿಂದಿರುಗಿಸಿದ ಮೇಲೂ ಚೀಟಿಯನ್ನು ಇಟ್ಟುಕೊಂಡಿದ್ದಾನೆ. ಆ ಜಾಗದಲ್ಲಿ ಗ್ರಂಥಪಾಲಕನು ಬೇರೆ ಪುಸ್ತಕವನ್ನು ಇಟ್ಟ ಬಳಿಕ ವಿದ್ಯಾರ್ಥಿ ಹಳೆಯ ಚೀಟಿಯನ್ನೇ ಹಿಡಿದು ಬಂದು ಆ ಪುಸ್ತಕದ ಹಾಳೆಗಳ ಮೇಲೆ ಬರೆಯತೊಡಗಿದರೆ ಏನಾದೀತು? ‘ಸಿ’ ಭಾಷೆ ಅವನನ್ನು ತಡೆಯುವುದಿಲ್ಲ. ಇಂತಹ ಸ್ಮೃತಿದೋಷಗಳೇ ದುರುದ್ದೇಶದವರು ಒಳನುಗ್ಗುವ ದಾರಿ. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾದೋಷಗಳಲ್ಲಿ ಶೇಕಡ ೭೦ರಷ್ಟು ಈ ಜಾತಿಯವೆಂದು ಮೈಕ್ರೋಸಾಫ್ಟ್ ಸಂಸ್ಥೆ ೨೦೧೯ರಲ್ಲಿ ತಿಳಿಸಿತು.

ರಸ್ಟ್ ಎಂಬ ಭಾಷೆ ಇದಕ್ಕೆ ಪರಿಹಾರವಾಗಿ ಬಂದಿತು. ಗ್ರೇಡನ್ ಹೋರ್ ೨೦೦೬ರಲ್ಲಿ ಸ್ವಂತ ಪ್ರಯೋಗವಾಗಿ ಆರಂಭಿಸಿ, ಮೊಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಈ ಭಾಷೆಯ ೧.೦ ಆವೃತ್ತಿ ೨೦೧೫ರ ಮೇ ತಿಂಗಳಲ್ಲಿ ಹೊರಬಂತು. ಪ್ರತಿಯೊಂದು ವಸ್ತುವಿಗೂ ಒಬ್ಬನೇ ಒಡೆಯ. ಎರವಲು ಪಡೆದವನು ಒಡೆಯನಿಗಿಂತ ಹೆಚ್ಚು ಕಾಲ ಅದನ್ನು ಇಟ್ಟುಕೊಳ್ಳಲಾರ. ಈ ನಿಯಮವನ್ನು ಕಂಪೈಲರೇ ಪರೀಕ್ಷಿಸುತ್ತದೆ. ಹಳೆಯ ಚೀಟಿಯನ್ನು ಹಿಡಿದು ಬರುವ ವಿದ್ಯಾರ್ಥಿಯ ಕ್ರಮವಿಧಿ ಇಲ್ಲಿ ಯಂತ್ರದವರೆಗೆ ಹೋಗುವುದೇ ಇಲ್ಲ. ಆಂಡ್ರಾಯ್ಡಿನಲ್ಲಿ ಹೊಸ ಭಾಗಗಳನ್ನು ಹೆಚ್ಚು ಹೆಚ್ಚಾಗಿ ಇಂತಹ ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ, ಒಟ್ಟು ಭದ್ರತಾದೋಷಗಳಲ್ಲಿ ಸ್ಮೃತಿದೋಷಗಳ ಪಾಲು ೨೦೧೯ರಲ್ಲಿ ಶೇಕಡ ೭೬ ಇದ್ದುದು ೨೦೨೪ರ ಹೊತ್ತಿಗೆ ಶೇಕಡ ೨೪ಕ್ಕೆ ಇಳಿಯಿತೆಂದು ಗೂಗಲ್ ಸಂಸ್ಥೆ ಪ್ರಕಟಿಸಿದೆ. ಹಳೆಯದನ್ನೆಲ್ಲ ಕೆಡವಿ ಬರೆಯದೆ ಬಂದ ಫಲವಿದು.

೫. ಪೂರ್ವಪಕ್ಷವೂ ಉತ್ತರಪಕ್ಷವೂ

ಮಿಗೆಲ್ ಓಹೆಡಾ ಮತ್ತು ಸಂಗಡಿಗರು ೨೦೨೧ರ ಏಪ್ರಿಲಿನಲ್ಲಿ ಲಿನಕ್ಸಿಗೆ ರಸ್ಟನ್ನು ಸೇರಿಸುವ ಪ್ರಸ್ತಾವವನ್ನು ಮಂಡಿಸಿದರು. ೨೦೨೨ರ ಡಿಸೆಂಬರಿನಲ್ಲಿ ಬಂದ ೬.೧ ಆವೃತ್ತಿಯಲ್ಲಿ ಅದು ಪ್ರಯೋಗವೆಂಬ ಹೆಸರಿನೊಡನೆ ಪ್ರವೇಶ ಪಡೆಯಿತು. ಕ್ರಮ ಹೀಗಿತ್ತು: ‘ಸಿ’ಯಲ್ಲಿರುವ ಕರ್ನೆಲಿನ ಸೌಲಭ್ಯಗಳನ್ನು ರಸ್ಟ್ ನಿಯಮಕ್ಕೆ ಒಗ್ಗಿಸುವ ಪದರವನ್ನು ಮೊದಲು ಬರೆಯುವುದು, ಬಳಿಕ ಯಂತ್ರಭಾಗಗಳನ್ನು ನಡೆಸುವ ಡ್ರೈವರುಗಳನ್ನು ಅದರ ಆಸರೆಯಲ್ಲಿ ರಸ್ಟಿನಲ್ಲಿ ಬರೆಯುವುದು.

ಇದಕ್ಕೆ ಬಂದ ಆಕ್ಷೇಪಣೆ ಹುರುಳಿಲ್ಲದ್ದೇನೂ ಅಲ್ಲ. ಲಿನಕ್ಸಿನಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಒಳಗಿನ ಯಾವುದಾದರೊಂದು ಸೌಲಭ್ಯದ ರೂಪವನ್ನು ಬದಲಿಸುವವನು, ಅದನ್ನು ಬಳಸುತ್ತಿರುವ ಎಲ್ಲ ಕಡೆಗಳನ್ನೂ ತಾನೇ ತಿದ್ದಿಕೊಡಬೇಕು. ಎಲ್ಲವೂ ‘ಸಿ’ಯಲ್ಲಿದ್ದಾಗ ಇದು ಶ್ರಮದ ಕೆಲಸವಾದರೂ ಸಾಧ್ಯವಾದ ಕೆಲಸ. ಈಗ ಬಳಕೆಯ ಒಂದು ಕಡೆ ರಸ್ಟಿನಲ್ಲಿದ್ದರೆ? ಇಪ್ಪತ್ತು ವರ್ಷ ‘ಸಿ’ಯಲ್ಲಿ ನುರಿತ ಪಾಲಕನು ತನಗೆ ಬಾರದ ಭಾಷೆಯನ್ನು ತಿದ್ದಬೇಕಾಗುತ್ತದೆ, ಇಲ್ಲವೇ ತನ್ನ ವಿಭಾಗದ ಸುಧಾರಣೆಗೆ ಇನ್ನೊಬ್ಬರ ದಾರಿ ಕಾಯಬೇಕಾಗುತ್ತದೆ. ೨೦೨೪ರ ಮೇ ತಿಂಗಳಲ್ಲಿ ಕಡತವ್ಯವಸ್ಥೆಯ ತಜ್ಞರ ಸಮಾವೇಶದಲ್ಲಿ ಈ ವಿಷಯವಾಗಿ ಖಾರವಾದ ಮಾತುಗಳಾದವು. ಎಲ್ಲರನ್ನೂ ಹೊಸ ಭಾಷೆ ಕಲಿಯುವಂತೆ ಬಲವಂತಪಡಿಸಲಾಗದು ಎಂದು ಹಳಬರು ಹೇಳಿದರು. ನಿಮ್ಮ ಸೌಲಭ್ಯಗಳ ನಿಜವಾದ ಅರ್ಥವೇನೆಂಬುದನ್ನಾದರೂ ತಿಳಿಸಿಕೊಡಿ ಎಂದು ಹೊಸಬರು ಕೇಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಈ ಕಾರ್ಯದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ವೆಡ್ಸನ್ ಅಲ್ಮೇಡಾ ಫಿಲೋ, ತಾಂತ್ರಿಕವಲ್ಲದ ಜಗಳಗಳಿಗೆ ಉತ್ತರಿಸುವ ಉತ್ಸಾಹ ತಮ್ಮಲ್ಲಿ ಉಳಿದಿಲ್ಲವೆಂದು ತಿಳಿಸಿ ನಿವೃತ್ತರಾದರು.

೨೦೨೫ರ ಆರಂಭದಲ್ಲಿ ವಿವಾದ ಶಿಖರಕ್ಕೆ ಮುಟ್ಟಿತು. ಯಂತ್ರಭಾಗಗಳು ಸ್ಮೃತಿಯನ್ನು ನೇರವಾಗಿ ಮುಟ್ಟುವ ಡಿಎಂಎ ವಿಭಾಗದ ಪಾಲಕರಾಗಿದ್ದ ಕ್ರಿಸ್ಟೋಫ್ ಹೆಲ್ವಿಗ್, ಆ ಸೌಲಭ್ಯಕ್ಕೆ ರಸ್ಟ್ ಪದರವನ್ನು ಬರೆದಾಗ ಸಮ್ಮತಿಸಲಿಲ್ಲ. ಅವರ ಆಕ್ಷೇಪಣೆ ರಸ್ಟ್ ಭಾಷೆಯ ಗುಣಾವಗುಣಗಳ ಮೇಲೆ ಇರಲಿಲ್ಲ. ಒಂದೇ ಕೃತಿಯಲ್ಲಿ ಎರಡು ಭಾಷೆಗಳು ಹರಡಿಕೊಂಡರೆ ಅದನ್ನು ಪಾಲಿಸುವುದು ಅಸಾಧ್ಯವಾದೀತು ಎಂಬುದೇ ಅವರ ಭಯ. ಪ್ರತಿಪಕ್ಷವಾಗಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್, ಕರ್ನೆಲಿನ ದೋಷಗಳನ್ನು ಅನೇಕ ವರ್ಷ ಪರಿಶೀಲಿಸಿದ ಅನುಭವದಿಂದ, ಅವುಗಳಲ್ಲಿ ಅಧಿಕಾಂಶ ‘ಸಿ’ಯ ಸಣ್ಣಪುಟ್ಟ ಮೂಲೆಗಳಿಂದ ಹುಟ್ಟಿದವು, ರಸ್ಟಿನಲ್ಲಿ ಅವು ಹುಟ್ಟಲಾರವು ಎಂದು ಬರೆದರು.

ಫೆಬ್ರವರಿಯಲ್ಲಿ ಟೋರ್ವಾಲ್ಡ್ಸ್ ಕೊಟ್ಟ ತೀರ್ಪು ಮನನಯೋಗ್ಯವಾಗಿದೆ. ರಸ್ಟ್ ಬೇಡವೆನ್ನುವ ಪಾಲಕನು ಅದನ್ನು ಕಲಿಯಬೇಕಾಗಿಲ್ಲ, ಅದರ ಹೊಣೆಯನ್ನೂ ಹೊರಬೇಕಾಗಿಲ್ಲ. ಆದರೆ ತನ್ನ ವಿಭಾಗದ ಸೌಲಭ್ಯವನ್ನು ಹೊರಗಿನಿಂದ ಬೇರೊಬ್ಬರು ರಸ್ಟಿನಲ್ಲಿ ಬಳಸಿಕೊಂಡರೆ ಅದನ್ನು ತಡೆಯುವ ಅಧಿಕಾರವೂ ಅವನಿಗಿಲ್ಲ. ಹೊಣೆಯನ್ನು ಹೊರದವನಿಗೆ ತಡೆಯುವ ಹಕ್ಕಿಲ್ಲ. ಹಕ್ಕನ್ನು ಬಯಸುವವನು ಹೊಣೆಗೂ ಹೆಗಲು ಕೊಡಬೇಕು. ‘ಸಿ’ ಭಾಗ ಬದಲಾದಾಗ ರಸ್ಟ್ ಪದರವನ್ನು ಸರಿಪಡಿಸುವ ಕೆಲಸವನ್ನು ರಸ್ಟ್ ಪಕ್ಷದವರೇ ಒಪ್ಪಿಕೊಂಡಿದ್ದುದರಿಂದ ಈ ತೀರ್ಪಿಗೆ ಆಧಾರ ದೊರೆಯಿತು.

೨೦೨೫ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಸೇರಿದ ಪಾಲಕರ ಸಭೆಯಲ್ಲಿ, ಲಿನಕ್ಸಿನೊಳಗಿನ ರಸ್ಟ್ ಇನ್ನು ಪ್ರಯೋಗವಲ್ಲ, ಉಳಿಯಲೆಂದೇ ಬಂದಿದೆ ಎಂಬ ಅಭಿಪ್ರಾಯಕ್ಕೆ ಬರಲಾಯಿತು. ಅದೇ ತಿಂಗಳಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕರ್ನೆಲಿನ ರಸ್ಟ್ ಭಾಗದಲ್ಲಿ ಮೊತ್ತಮೊದಲ ಬಾರಿಗೆ ಭದ್ರತಾದೋಷವೊಂದು ಕ್ರಮಸಂಖ್ಯೆ ಪಡೆದು ದಾಖಲಾಯಿತು. ಆಂಡ್ರಾಯ್ಡಿನ ಬೈಂಡರ್ ಎಂಬ ಭಾಗದಲ್ಲಿ, ಏಕಕಾಲದಲ್ಲಿ ಇಬ್ಬರು ಒಂದೇ ಪಟ್ಟಿಯನ್ನು ಮುಟ್ಟಿದ್ದರಿಂದ ಸಂಭವಿಸಿದ ದೋಷವದು. ರಸ್ಟಿನಲ್ಲಿ, ಕಂಪೈಲರಿನ ಪರೀಕ್ಷೆಗೆ ನಿಲುಕದ ಕಾರ್ಯಗಳನ್ನು ‘ಅನ್‌ಸೇಫ್’ ಎಂಬ ಗುರುತಿನ ಒಳಗೆ ಬರೆಯಬೇಕೆಂಬ ವಿಧಿಯಿದೆ. ‘ಸಿ’ಯೊಡನೆ ಕೂಡುವ ಸ್ಥಾನಗಳಲ್ಲಿ ಈ ಗುರುತು ಅನಿವಾರ್ಯ. ದೋಷವಿದ್ದುದು ಅಂತಹ ಗುರುತಿನ ಒಳಗೆ. ಇದರಿಂದ ಎರಡು ಪಾಠಗಳು ಲಭಿಸುತ್ತವೆ. ಹೊಸ ಭಾಷೆ ಸರ್ವರೋಗಕ್ಕೂ ಮದ್ದಲ್ಲ. ಆದರೆ ಎಲ್ಲಿ ಹುಡುಕಬೇಕೆಂಬುದನ್ನು ಅದು ಮೊದಲೇ ಬರೆದಿಟ್ಟಿರುತ್ತದೆ.

೬. ನಿರ್ಣಯ

ಮೇಲಿನ ವಿವೇಚನೆಯಿಂದ ಭಾಷಾಮಿಶ್ರಣಕ್ಕೆ ನಾಲ್ಕು ನಿಯಮಗಳನ್ನು ಸಂಗ್ರಹಿಸಬಹುದು.

ಮೊದಲನೆಯದು, ಪ್ರಯೋಜನ. ಇರುವ ಭಾಷೆಯಿಂದ ನೀಗದ ಕೊರತೆಯೊಂದನ್ನು ಹೊಸ ಭಾಷೆ ನೀಗುವಂತಿರಬೇಕು. ಬರೆಯುವವನಿಗೆ ಅದು ಪ್ರಿಯವೆಂಬುದಾಗಲಿ, ಕಾಲಕ್ಕೆ ತಕ್ಕ ವೇಷವೆಂಬುದಾಗಲಿ ಸಾಕಾದ ಕಾರಣವಲ್ಲ. ಐದಾರು ಜನರು ನಡೆಸುವ ಸಣ್ಣ ಕೃತಿಯಲ್ಲಿ ಇಬ್ಬರಿಗೆ ಮಾತ್ರ ಬರುವ ಭಾಷೆಯನ್ನು ತಂದರೆ, ಆ ಇಬ್ಬರು ಹೋದ ದಿನ ಆ ಭಾಗ ಅನಾಥವಾಗುತ್ತದೆ.

ಎರಡನೆಯದು, ಸಂಧಿಗಳ ಮಿತಿ. ಎರಡು ಭಾಷೆಗಳು ಕೂಡುವ ಸ್ಥಾನಗಳು ಕೆಲವೇ ಇರಬೇಕು, ಕಿರಿದಾಗಿರಬೇಕು, ಅಲ್ಲಿಯ ರೂಢಿಗಳೆಲ್ಲ ಬರಹದಲ್ಲಿರಬೇಕು. ಸಂಖ್ಯೆಗಳ ಕ್ರಮವೇನು, ಸ್ಮೃತಿಯನ್ನು ಹಿಂದಿರುಗಿಸುವವರು ಯಾರು, ತಪ್ಪು ಸಂಭವಿಸಿದರೆ ತಿಳಿಸುವ ಬಗೆ ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂಧಿಯನ್ನು ಸ್ವೀಕರಿಸಬಾರದು.

ಮೂರನೆಯದು, ಹೊಣೆ. ಒಂದು ಬದಿ ಬದಲಾದಾಗ ಇನ್ನೊಂದು ಬದಿಯನ್ನು ತಿದ್ದುವವರು ಯಾರೆಂಬುದು ಆರಂಭದಲ್ಲಿಯೇ ನಿಶ್ಚಯವಾಗಬೇಕು. ಲಿನಕ್ಸಿನ ಕಲಹದ ಬಹುಭಾಗ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತಿತು. ಉತ್ತರ ತಡವಾಗಿ ಸ್ಪಷ್ಟವಾದುದಕ್ಕೆ ತೆತ್ತ ಬೆಲೆ, ಮರಳಿ ಬಾರದ ಕೆಲಸಗಾರರು.

ನಾಲ್ಕನೆಯದು, ಗಂತವ್ಯ. ಎರಡು ಭಾಷೆಗಳೂ ಶಾಶ್ವತವಾಗಿ ಕೂಡಿ ಬಾಳುವುವೇ, ಅಥವಾ ಒಂದು ಇನ್ನೊಂದಕ್ಕೆ ಎಡೆ ಬಿಟ್ಟುಕೊಡುವುದೇ ಎಂಬುದು ಎಲ್ಲರಿಗೂ ತಿಳಿದಿರಬೇಕು. ಫಿಶ್ ಎಂಬ ತಂತ್ರಾಂಶವು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿತ್ತು. ಅದರ ರಚನಕಾರರು ೨೦೨೩ರಲ್ಲಿ ರಸ್ಟಿಗೆ ಬದಲಾಯಿಸತೊಡಗಿ, ನಡುವೆ ಎರಡೂ ಭಾಷೆಗಳನ್ನು ಜೊತೆಯಾಗಿ ನಡೆಸುತ್ತ, ೨೦೨೫ರ ಫೆಬ್ರವರಿಯಲ್ಲಿ ೪.೦ ಆವೃತ್ತಿಯನ್ನು ರಸ್ಟಿನಲ್ಲಿ ಹೊರತಂದರು. ಅಲ್ಲಿ ಮಿಶ್ರಣವು ಹೊಳೆ ದಾಟುವ ತೆಪ್ಪವಾಗಿತ್ತು. ಲಿನಕ್ಸಿನಲ್ಲಾದರೋ ನಾಲ್ಕು ಕೋಟಿ ಪಂಕ್ತಿಗಳನ್ನು ಹೊತ್ತು ದಾಟುವ ತೆಪ್ಪವಿಲ್ಲ. ಎರಡು ದಡಗಳಿಗೂ ಸೇತುವೆಯೇ ಬೇಕು, ಸೇತುವೆಗೆ ಕಾವಲುಗಾರನೂ ಬೇಕು.

ಸಾಮೂಹಿಕ ಕೃತಿಯನ್ನು ಬರೆಯುವವರು ಕೆಲವರು, ಮುಂದೆ ಓದಿ ತಿದ್ದುವವರು ಅನೇಕರು. ಇಂದು ಬರೆದವನು ಇಲ್ಲದ ದಿನ, ಬೇರೊಂದು ದೇಶದ ತರುಣನೊಬ್ಬನು ಅದೇ ಪಂಕ್ತಿಯ ಮುಂದೆ ಕುಳಿತು, ಇದು ಹೀಗೇಕೆ ಎಂದು ಕೇಳುತ್ತಾನೆ. ಅವನಿಗೆ ಉತ್ತರ ಸಿಗುವಂತೆ ಸಂಧಿಯನ್ನು ಕಟ್ಟಿದರೆ ಎರಡು ಭಾಷೆಗಳು ಒಂದೇ ಕೃತಿಯಲ್ಲಿ ಮಿತ್ರರಾಗಿ ಬಾಳಬಲ್ಲವು. ಹಾಗೆ ಕಟ್ಟದಿದ್ದರೆ, ಶತ್ರುವೆಂಬ ಅರ್ಥದ ಅರಿ ಶಬ್ದವನ್ನು ವೈಯಾಕರಣರು ಆ ಸಮಾಸಕ್ಕೆ ಏಕೆ ಇಟ್ಟರೆಂಬುದು ತಂತ್ರಾಂಶದ ಕ್ಷೇತ್ರದಲ್ಲಿಯೂ ಅನುಭವಕ್ಕೆ ಬರುತ್ತದೆ.